ಹಡಿಲು ಬೈಲು ಸುಮ್ಮನೆ ಬಿದ್ದಿದೆಯೇ?

ಉಡುಪಿ ಜಿಲ್ಲೆಯ ಹಂಗಾರಕಟ್ಟೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಹೊಳೆಬದಿಯಲ್ಲಿ ನಮಗೆ 80 ಸೆಂಟ್ಸ್ ಬೈಲುಗದ್ದೆ ಇದೆ. ಮಾವನವರಿಗೆ ಭೂಸುಧಾರಣೆಯ ಕಾಲದ ಗೇಣಿ ಡಿಕ್ಲರೇಶನ್‌ನಲ್ಲಿ ಬಂದ ಜಾಗ. ಆಳು ಸಿಗದೆ ಹಡಿಲು (ಬೇಸಾಯವಿಲ್ಲದೆ ಪಾಳು) ಬಿಟ್ಟಿದ್ದೇವೆ. ನಮ್ಮ ಹಳೆ ಮನೆ ಮೇಲೆ ಬೆಟ್ಟಿನಲ್ಲಿದೆ. ದುಬೈಯಲ್ಲಿರುವ ಮಗ ಮಣ್ಣು ತುಂಬಿಸಿ ಆರು ಕಾಟೇಜ್ ಕಟ್ಟೋಣ ಅನ್ನುತ್ತಾನೆ. ನೀವು ಪರಿಸರ, ಪರಿಸರ ಎಂದು ಬರೆಯುತ್ತೀರಿ. ಹಡಿಲು ಗದ್ದೆಯಿಂದ ಯಾರಿಗೆ ಏನು ಲಾಭ, ಹೇಳಿ.’

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯದ್ದೇ. ಬೇಸಾಯದಲ್ಲಿ ಕೂಲಿಯೂ ಹುಟ್ಟದಿರುವಾಗ ಪೇಟೆಯಲ್ಲಿ ಕೂತು ಉಪದೇಶ ಮಾಡುವುದು ಸುಲಭ. ಪ್ರವಾಸಿಗರು ಬರಲೇಬಾರದು ಎನ್ನುವವನೂ ನಾನಲ್ಲ. ಆದರೆ ಆ ಗದ್ದೆ ಕೆಲಸವಿಲ್ಲದೆ ಬಿದ್ದಿದೆ ಎನ್ನುತ್ತೀರಲ್ಲ, ಅದನ್ನು ಒಪ್ಪಲಾರೆ.

ನಮ್ಮಲ್ಲಿ ವರ್ಷಕ್ಕೆ ಹತ್ತಿರಹತ್ತಿರ 4,000 ಮಿಲಿಮೀಟರ್ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಎತ್ತರದ ಬೆಟ್ಟು, ನಡುವಿನ ಮಜಲು ದಾಟಿ ಇಳಿದ ನೀರು ತಗ್ಗಿನ ಬೈಲಿನ ಹುಣಿಗಳ (ಬದುಗಳ) ನಡುವೆ ನಿಂತು ಇಂಗುತ್ತದೆ. ನಟ್ಟಿ (ನಾಟಿ) ಆಗದಿದ್ದರೂ, ಹುಣಿ ಗಟ್ಟಿಯಿದ್ದರೆ ಇಂಗುತ್ತದೆ. ಹೊಳೆಬದಿಯ ಬಾವಿಗಳಿಗೆ ಇದೇ ಆಧಾರ. ಅಲ್ಲಿ ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ನಿಂತಿರುತ್ತದೆ. ಭೂಜಲದ ಲೆಕ್ಕ ಹೇಳುವಂತೆ, ಸಮುದ್ರಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರಿದ್ದರೆ ಅದರ ಕೆಳಗೆ ಸುಮಾರು 40 ಅಡಿವರೆಗೆ ಸಿಹಿಯೇ. ಮೇಲಿನ ಆ ಒಂದಡಿ ಹೋಯಿತೋ, ಕೆಳಗಿನ ಉಪ್ಪು ಅಷ್ಟೂ ಮೇಲೇರಬಹುದು.

ಈಗ ಕಾಟೇಜಿಗೆ ಬನ್ನಿ. ಜನ ಬರುವುದು ಮಳೆ ಬಿಟ್ಟ ಮೇಲೆ, ಅದರಲ್ಲೂ ಏಪ್ರಿಲ್–ಮೇ ರಜೆಯಲ್ಲಿ. ಬಾವಿ ತಳ ಕಾಣುವುದೂ ಆಗಲೇ. ಮಳೆಗಾಲದಲ್ಲಿ ನೀರು ಇಂಗುವ ಜಾಗವನ್ನು ಮುಚ್ಚಿ, ಬೇಸಿಗೆಯಲ್ಲಿ ದಿನವಿಡೀ ಪಂಪು ಓಡಿಸಿದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಶೌಚದ ಗುಂಡಿಯದ್ದು ಬೇರೆಯೇ ಕಥೆ. ಆಷಾಢದಲ್ಲಿ ಕೈಯಳತೆಗೆ ನೀರು ಸಿಗುವ ನೆಲದಲ್ಲಿ ಗುಂಡಿಯ ನೀರಿಗೂ ಪಕ್ಕದ ಮನೆಯ ಬಾವಿಗೂ ಎಷ್ಟು ದೂರ?

ಇನ್ನು ಮಣ್ಣು. 80 ಸೆಂಟ್ಸನ್ನು ನಾಲ್ಕಡಿ ಎತ್ತರಿಸಲು ಸುಮಾರು 1,40,000 ಘನ ಅಡಿ ಕೆಂಪು ಮಣ್ಣು ಬೇಕು. ಅಷ್ಟಕ್ಕೆ ಎಲ್ಲೋ ಒಂದು ಗುಡ್ಡ ಬೋಳಾಗಬೇಕು. ನಿಮ್ಮ ಜಾಗ ಎತ್ತರವಾದ ವರ್ಷವೇ ಕೆಳಗಿನ ಗದ್ದೆಯವರು ನೀರು ಹೋಗದೆ ಮುಳುಗುತ್ತಾರೆ, ಅವರೂ ಮಣ್ಣು ಹಾಕಿಸುತ್ತಾರೆ ಅಥವಾ ಮಾರುತ್ತಾರೆ. 2020ರ ಭೂಸುಧಾರಣಾ ತಿದ್ದುಪಡಿಯಾದ ಮೇಲೆ ಕೃಷಿಕರಲ್ಲದವರೂ ಕೊಳ್ಳಬಹುದು, ಹಾಗಾಗಿ ಗಿರಾಕಿಗಳಿಗೆ ಬರವಿಲ್ಲ.

ಕಾನೂನು ತಡೆಯುವುದಿಲ್ಲವೇ ಎಂದೀರಿ. ಭರತ (ಕಡಲಿನ ಉಬ್ಬರ) ಬರುವ ಹೊಳೆಯ ಬದಿಯಲ್ಲಿ ಕರಾವಳಿ ನಿಯಂತ್ರಣ ವಲಯ 2011ರಲ್ಲಿ 100 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಇತ್ತು. 2019ರ ಅಧಿಸೂಚನೆ ಆ 100 ಮೀಟರನ್ನು 50 ಮೀಟರ್‌ಗೆ ಇಳಿಸಿತು. ಆಚೆಗಿನ ಬೈಲಿಗೆ ಮುಖ್ಯವಾಗಿ ಬೇಕಾದದ್ದು ಕನ್ವರ್ಶನ್ (ಕೃಷಿಯೇತರ ಬಳಕೆಗೆ ಭೂಪರಿವರ್ತನೆ). ಪಡುಬಿದ್ರಿಯ ಬೀಚಿಗೆ 2020ರಲ್ಲಿ ಶುಚಿಯಾದ ಕಡಲತೀರಕ್ಕೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಾಗ ನಮಗೂ ಖುಷಿಯಾಯಿತು, ಆದರೆ ಹಿಂದಿನ ಊರಿನ ಗದ್ದೆ ಏನಾಯಿತೆಂದು ಆ ಬಾವುಟ ಕೇಳುವುದಿಲ್ಲ. ಎಲ್ಲರ ಕಣ್ಣೂ ಕಡಲಿನ ಕಡೆಗೆ, ನಷ್ಟವೆಲ್ಲ ಅದರ ಬೆನ್ನ ಹಿಂದೆ.

ನಿಮ್ಮ ಹಳೆ ಮನೆ ಬೆಟ್ಟಿನಲ್ಲಿದೆ ಎಂದಿದ್ದೀರಿ. ಅದರ ಎರಡು ಕೋಣೆ ಸರಿಮಾಡಿಸಿ ಹೋಂ ಸ್ಟೇ ಆರಂಭಿಸಿ. ಸಾಲಿಗ್ರಾಮದ ಬಳಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ಹತ್ತಲು ಜನ ದುಡ್ಡು ಕೊಟ್ಟು ಬರುತ್ತಾರೆ. ಅವರಿಗೆ ಬೇಕಾದದ್ದು ಹೊಳೆ, ಹಸಿರು, ಮೀನಿನ ಊಟ. ಆರು ಕಾಂಕ್ರೀಟ್ ಪೆಟ್ಟಿಗೆ ಬೆಂಗಳೂರಿನಲ್ಲೂ ಸಿಗುತ್ತದೆ. ಆದಾಯ ಕಾಟೇಜಿನಷ್ಟು ಬಾರದು, ನಿಜ. ಸಾಲವೂ ಅಷ್ಟಿರುವುದಿಲ್ಲ.

ಮಗ ರಜೆಗೆ ಬಂದಾಗ ಮೇ ಕೊನೆಯಲ್ಲಿ ನಿಮ್ಮದೂ ನೆರೆಯವರದ್ದೂ ಬಾವಿನೀರಿನ ಉಪ್ಪು ಪರೀಕ್ಷೆ ಮಾಡಿಸಲಿ. ಆ ಕಾಗದ ಮುಂದಿಟ್ಟುಕೊಂಡೇ ಮಾತಾಡಿ. ಆಮೇಲೂ ಮಣ್ಣು ಹಾಕಿಸುವುದೇ ಆದರೆ, ಗದ್ದೆ ಬದಿಯ ತೋಡಿಗೆ (ನೀರು ಹರಿಯುವ ಕಾಲುವೆಗೆ) ಮಾತ್ರ ಕೈ ಹಾಕಬೇಡಿ. ಅದು ತೋಡು ಪರಂಬೋಕು, ಅಂದರೆ ಸರಕಾರದ ಜಾಗ, ಇರಬಹುದು, ಸರ್ವೆ ನಕ್ಷೆ ತೆಗೆಸಿ ನೋಡಿಕೊಳ್ಳಿ.

– ಸಂಪಾದಕ