ಬ್ಯಾಟರಿ ಹಚ್ಚಿದರೆ ಗಪ್ಪು, ಕರೆಂಟ್ ಕೊಟ್ಟರೆ ಗುಂಯ್

ಪ್ರಶ್ನೆ: ನಮ್ಮದು ಬನಹಟ್ಟಿ. ಅಪ್ಪನ ಕಾಲದ ಕ್ಯಾಸೆಟ್ ಡೆಕ್ ಪಡಸಾಲೆಯಲ್ಲಿದೆ, ಆಂಪ್ಲಿಫೈಯರ್ ಒಳಕೋಣೆಯಲ್ಲಿದೆ. ಡೆಕ್ಕಿನ ಬದಿಗೆ 100 ಕಿಲೋಓಮ್‌ನ ವಾಲ್ಯೂಮ್ ಕಂಟ್ರೋಲ್ ಇಟ್ಟು ಐದು ಮೀಟರ್ ಶೀಲ್ಡ್ ವಾಯರ್ ಎಳೆದಾಗ ದನಿ ಮಬ್ಬಾಯಿತು. ಅದಕ್ಕೆ ಎನ್‌ಇ5532 ಐಸಿ ಹಾಕಿ ಬಫರ್ (ಉದ್ದ ವಾಯರಿನಲ್ಲಿ ದನಿ ಮಬ್ಬಾಗದಂತೆ ಸಿಗ್ನಲ್ಲಿಗೆ ಬಲ ಕೊಡುವ ಸರ್ಕ್ಯೂಟ್) ಮಾಡಿದೆ. ಎರಡು 9 ವೋಲ್ಟ್ ಬ್ಯಾಟರಿ ಮೇಲೆ ಚೊಕ್ಕ ನಡೆಯಿತು. ಬ್ಯಾಟರಿ ಖರ್ಚು ಬೇಡವೆಂದು 15-0-15, 1 ಆಂಪಿಯರ್ ಟ್ರಾನ್ಸ್‌ಫಾರ್ಮರ್, ನಾಲ್ಕು 1ಎನ್4007 ಡಯೋಡ್, 1000 ಮೈಕ್ರೋಫ್ಯಾರಡ್ 25 ವೋಲ್ಟಿನ ಎರಡು ಕಂಡೆನ್ಸರ್, ವೋಲ್ಟೇಜನ್ನು ಪ್ಲಸ್ 15, ಮೈನಸ್ 15ಕ್ಕೆ ಸ್ಥಿರವಾಗಿಡುವ 7815 ಮತ್ತು 7915 ರೆಗ್ಯುಲೇಟರ್ ಹಾಕಿ ಎಲ್ಲವನ್ನೂ ಒಂದೇ ತಗಡಿನ ಡಬ್ಬಿಯಲ್ಲಿ ಕೂರಿಸಿದೆ. ಅಂದಿನಿಂದ ಗುಂಯ್ ಅನ್ನುತ್ತಿದೆ. ವಾಲ್ಯೂಮ್ ಪೂರ್ತಿ ಇಳಿಸಿದರೂ ಹೋಗುವುದಿಲ್ಲ. ಅಂಗಡಿಯವರು 10,000 ಮೈಕ್ರೋಫ್ಯಾರಡ್ ಹಾಕು ಅನ್ನುತ್ತಾರೆ, ಗೆಳೆಯ ಅಡಾಪ್ಟರ್ ಹಚ್ಚು ಅನ್ನುತ್ತಾನೆ. ಬಾಜೂ ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇವೆ. ಮಧ್ಯಾಹ್ನ ಲೈನ್ 190ಕ್ಕೆ ಇಳಿಯುತ್ತದೆ, ಮಗ್ಗ ಚಾಲೂ ಆದಾಗ ಸ್ಪೀಕರಿನಲ್ಲಿ ಟಕ್ ಅನ್ನುತ್ತದೆ. ಕುಮಾರ ಗಂಧರ್ವರ ಕ್ಯಾಸೆಟ್ ನೆಮ್ಮದಿಯಿಂದ ಕೇಳಬೇಕು, ಅಷ್ಟೇ. ಯಾವ ಸಾಮಾನು ತರಲಿ?
— ಒಬ್ಬ ಓದುಗ, ಬನಹಟ್ಟಿ

ಉತ್ತರ: ಸಾಮಾನು ತರುವ ಮುಂಚೆ ಒಂದು ಮಾತು. ಎಲ್ಲಕ್ಕಿಂತ ಬೆಲೆಬಾಳುವ ಪರೀಕ್ಷೆಯನ್ನು ನೀವು ಗೊತ್ತಿಲ್ಲದೆ ಆಗಲೇ ಮಾಡಿ ಮುಗಿಸಿದ್ದೀರಿ. ಬ್ಯಾಟರಿ ಮೇಲೆ ಗಪ್ಪಾಗಿತ್ತು ಎಂದರೆ ಬಫರ್ ಸರಿಯಿದೆ, ಐಸಿ ಸರಿಯಿದೆ, ಐದು ಮೀಟರ್ ವಾಯರೂ ಸರಿಯಿದೆ. ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಗುಂಯ್ ಇದೆ ಎಂದರೆ ಡೆಕ್ಕಿನದೂ ತಪ್ಪಿಲ್ಲ. ಆದರೆ ಬ್ಯಾಟರಿ ತೆಗೆದ ಜಾಗಕ್ಕೆ ಬಂದದ್ದು ಬರೀ 15 ವೋಲ್ಟ್ ಅಲ್ಲ. ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಕ್ಷೇತ್ರ ಬಂತು, ಕಂಡೆನ್ಸರ್ ತುಂಬುವ ಕರೆಂಟ್ ಬಂತು, ಗೋಡೆಯ ಅರ್ಥಿಂಗ್ ಬಂತು. ಗುಂಯ್ ಇವುಗಳಲ್ಲಿ ಎಲ್ಲೋ ಅಡಗಿದೆ.

10,000 ಮೈಕ್ರೋಫ್ಯಾರಡ್ ಮಾತನ್ನು ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ಐಸಿ ಎರಡೂ ಬದಿ ಸೇರಿ ತಿನ್ನುವುದು ಸುಮಾರು 8 ಮಿಲಿಆಂಪಿಯರ್. ಎಲ್‌ಇಡಿ, ರೆಗ್ಯುಲೇಟರಿನ ಸ್ವಂತ ಖರ್ಚು ಎಲ್ಲ ಹಿಡಿದು 30 ಎನ್ನಿ. ಸೆಕೆಂಡಿಗೆ ನೂರು ಸಲ ತುಂಬಿಕೊಳ್ಳುವ 1000 ಮೈಕ್ರೋಫ್ಯಾರಡ್ ಮೇಲೆ ಆಗ ಬರುವ ಏರಿಳಿತ 0.3 ವೋಲ್ಟ್. ರೆಗ್ಯುಲೇಟರ್ ಅದನ್ನು ಎಷ್ಟು ಕಳಪೆಯಾದರೂ 500 ಪಾಲು ಇಳಿಸುತ್ತದೆ: 0.6 ಮಿಲಿವೋಲ್ಟ್. ಉಳಿದದ್ದನ್ನು ಐಸಿ ತಾನೇ 10,000 ಪಾಲು ಇಳಿಸುತ್ತದೆ. ಕೊನೆಗೆ ಸ್ಪೀಕರ್ ಕಡೆ ಹೋಗುವುದು ಒಂದು ಮೈಕ್ರೋವೋಲ್ಟಿನ ಹತ್ತನೇ ಒಂದು ಪಾಲೂ ಅಲ್ಲ. ಕಂಡೆನ್ಸರನ್ನು ಹತ್ತು ಪಟ್ಟು ದೊಡ್ಡದು ಮಾಡಿದರೆ ಅದರ ಹತ್ತರಲ್ಲಿ ಒಂದಾದೀತು. ಕೇಳುವ ಕಿವಿ ಯಾರಿಗಿದೆ? ಮೇಲಾಗಿ ಕಂಡೆನ್ಸರ್ ದೊಡ್ಡದಾದಷ್ಟೂ ಅದು ಕರೆಂಟನ್ನು ಗುಟುಕರಿಸುವ ಹೊತ್ತು ಕಿರಿದಾಗುತ್ತದೆ, ಗುಟುಕು ಜೋರಾಗುತ್ತದೆ. ನಿಮ್ಮ ರೋಗಕ್ಕೆ ಅದು ಔಷಧಿಯಲ್ಲ, ಅಪಥ್ಯ.

ಹಾಗಾದರೆ ಮೊದಲು ಕಿವಿಗೊಟ್ಟು ಕೇಳಿ. ಮನೆಯಲ್ಲಿ ಅಥವಾ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಇದ್ದರೆ ಮಂದ್ರದ ಬಿಳಿ ಐದನ್ನು ಒತ್ತಿಹಿಡಿಯಿರಿ. ಅದಕ್ಕಿಂತ ಕೂದಲೆಳೆ ಏರಿನಲ್ಲಿ, ಝೀಂ ಎಂದು ಒರಟಾಗಿ ಕೇಳಿದರೆ ಅದು 100 ಹರ್ಟ್ಸ್: ಡಯೋಡ್ ಮತ್ತು ಕಂಡೆನ್ಸರಿನ ಕಡೆಯದು. ಇನ್ನೊಂದು ಸಪ್ತಕ ಕೆಳಗೆ, ಹೂಂ ಎಂದು ದುಂಡಗೆ ಇದ್ದರೆ ಅದು 50 ಹರ್ಟ್ಸ್: ಟ್ರಾನ್ಸ್‌ಫಾರ್ಮರಿನದು ಅಥವಾ ಅರ್ಥಿಂಗಿನದು. ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ತಂಬೂರಿಯ ಜೊತೆ ಈ ಎರಡನೆಯ ತಂಬೂರಿ ಎಂದೂ ಶ್ರುತಿಗೂಡುವುದಿಲ್ಲ. ಅದಕ್ಕೇ ನಿಮಗೆ ಅಷ್ಟು ಹಿಂಸೆಯಾಗುತ್ತಿರುವುದು.

ಹಾರ್ಮೋನಿಯಂ ಇಲ್ಲದಿದ್ದರೆ ಇನ್ನೊಂದು ಉಪಾಯ. ಟ್ರಾನ್ಸ್‌ಫಾರ್ಮರಿನ 15-0-15 ವಾಯರ್ ಮೂರನ್ನೂ ಬೋರ್ಡಿನಿಂದ ಬಿಡಿಸಿ ಒಂದೊಂದಕ್ಕೂ ಟೇಪ್ ಸುತ್ತಿ. ಬಫರಿಗೆ ಮತ್ತೆ ಹಳೇ ಬ್ಯಾಟರಿ ಹಚ್ಚಿ. ಈಗ ಟ್ರಾನ್ಸ್‌ಫಾರ್ಮರಿಗೆ ಸುಮ್ಮನೆ ಕರೆಂಟ್ ಕೊಡಿ, ಅದು ಡಬ್ಬಿಯಲ್ಲಿ ಇದ್ದಲ್ಲೇ ಇರಲಿ. ಯಾವ ವಾಯರೂ ಕೂಡಿಲ್ಲದಿದ್ದರೂ ಹೂಂ ಬಂದರೆ ಅದು ಗಾಳಿಯಲ್ಲೇ ಹಾಯ್ದು ಬರುತ್ತಿದೆ ಎಂದರ್ಥ. ಇದಕ್ಕೆ ಮೊದಲ ಮದ್ದು ದೂರ. ಅಂತರ ಎರಡು ಪಟ್ಟಾದರೆ ಕ್ಷೇತ್ರ ಹೆಚ್ಚುಕಡಿಮೆ ಎಂಟರಲ್ಲಿ ಒಂದಾಗುತ್ತದೆ. ಡಬ್ಬಿಯೊಳಗೆ ಐದು ಸೆಂಟಿಮೀಟರ್ ಇದ್ದದ್ದನ್ನು ಹೊರಗೆ ಬೇರೆ ಡಬ್ಬಿಯಲ್ಲಿಟ್ಟು ಅರ್ಧ ಮೀಟರ್ ಮಾಡಿದರೆ ಮಾತೇ ಮುಗಿಯಿತು. ಒಂದೇ ಡಬ್ಬಿ ಬೇಕೇ ಬೇಕೆಂದರೆ ಟ್ರಾನ್ಸ್‌ಫಾರ್ಮರನ್ನು ಇನ್‌ಪುಟ್ ಸಾಕೆಟ್ಟಿನ ಎದುರು ಮೂಲೆಗೆ ಒಯ್ದು, ಸ್ಕ್ರೂ ಸಡಿಲಿಸಿ ಕಾಲು ಸುತ್ತು ತಿರುಗಿಸಿ ನೋಡಿ. ಒಂದು ದಿಕ್ಕಿನಲ್ಲಿ ಸದ್ದು ಥಟ್ಟನೆ ಕುಗ್ಗುತ್ತದೆ. ತಿರುಗಿಸುವಾಗ ಪ್ಲಗ್ ಕಿತ್ತಿರಲಿ, 230ರ ಜೋಡಣೆಗಳ ಮೇಲೆ ಸ್ಲೀವ್ ಇರಲಿ.

ಆದರೆ ನೀವು ಕಳಿಸಿದ ಫೋಟೊ ನೋಡಿದರೆ ನನಗೆ ಅನುಮಾನ 100 ಹರ್ಟ್ಸಿನ ಮೇಲೇ. ಎರಡು ಕಂಡೆನ್ಸರನ್ನು ಬೋರ್ಡಿನ ಎರಡು ತುದಿಗೆ ನಿಲ್ಲಿಸಿದ್ದೀರಿ. ನಡುವೆ ಸುಮಾರು ಹತ್ತು ಸೆಂಟಿಮೀಟರ್ ಸಣ್ಣ ಕಪ್ಪು ವಾಯರ್. ಇನ್‌ಪುಟ್ ಸಾಕೆಟ್ಟಿನ ಗ್ರೌಂಡನ್ನು (ಸೊನ್ನೆ ವೋಲ್ಟಿನ ವಾಯರನ್ನು) ಈಚೆ ಕಂಡೆನ್ಸರಿನ ಕಾಲಿಗೂ ಔಟ್‌ಪುಟ್ ಗ್ರೌಂಡನ್ನು ಆಚೆ ಕಂಡೆನ್ಸರಿನ ಕಾಲಿಗೂ ಬೆಸೆದಿದ್ದೀರಿ. ಸರ್ಕ್ಯೂಟ್ ಚಿತ್ರದ ಪ್ರಕಾರ ತಪ್ಪಿಲ್ಲ, ಎರಡೂ ಗ್ರೌಂಡೇ. ಚಿತ್ರದಲ್ಲಿ ಗ್ರೌಂಡ್ ಒಂದು ಗೆರೆ, ಬೋರ್ಡಿನಲ್ಲಿ ಅದೊಂದು ತಂತಿ, ತಂತಿಗೆ ರೆಸಿಸ್ಟೆನ್ಸ್ ಇದೆ. ಆ ಸಣ್ಣ ವಾಯರಿಗೆ ಹತ್ತು ಸೆಂಟಿಮೀಟರಿಗೆ ಸುಮಾರು 8 ಮಿಲಿಓಮ್. ಎರಡೂ ಕಂಡೆನ್ಸರ್ ಒಟ್ಟಿಗೇ ತುಂಬುವ ಆ ಒಂದು ಮಿಲಿಸೆಕೆಂಡಿನಲ್ಲಿ ಕರೆಂಟ್ ಒಂದರಿಂದ ಇನ್ನೊಂದಕ್ಕೆ ಇದೇ ತುಂಡಿನ ಮೂಲಕ ದಾಟುತ್ತದೆ. ಸರಾಸರಿ 30 ಮಿಲಿಆಂಪಿಯರ್ ಆದರೂ ಗುಟುಕಿನ ಹೊತ್ತಿಗೆ ಅದು ಕಾಲು ಆಂಪಿಯರ್. ಗುಣಿಸಿದರೆ 2 ಮಿಲಿವೋಲ್ಟ್. ಅದು ನೇರ ನಿಮ್ಮ ಹಾಡಿನ ದಾರಿಯಲ್ಲೇ ಕೂತಿದೆ. ರಾತ್ರಿ ಸಣ್ಣ ದನಿಯಲ್ಲಿ ಹಾಡು 30 ಮಿಲಿವೋಲ್ಟ್ ಇದ್ದರೆ ಹದಿನೈದರಲ್ಲಿ ಒಂದು ಪಾಲು ಝೀಂಕಾರ! ಮೇಲೆ ಲೆಕ್ಕ ಹಾಕಿದ ಏರಿಳಿತದ ಮುಂದೆ ಇದು ಮೂವತ್ತು ಸಾವಿರ ಪಟ್ಟು ದೊಡ್ಡದು. ಅಂಗಡಿಯವರು ಬೆಕ್ಕನ್ನು ಹಿಡಿಯಲು ಹೇಳುತ್ತಿದ್ದಾರೆ, ಮನೆಯೊಳಗೆ ಎಮ್ಮೆ ನಿಂತಿದೆ.

ಸರಿಪಡಿಸಲು ಒಂದು ಪೈಸೆ ಖರ್ಚಿಲ್ಲ. ಎರಡೂ ಕಂಡೆನ್ಸರನ್ನು ಮೈಗೆ ಮೈ ತಾಗಿಸಿ ನಿಲ್ಲಿಸಿ, ಒಂದರ ಮೈನಸ್ ಕಾಲನ್ನೂ ಇನ್ನೊಂದರ ಪ್ಲಸ್ ಕಾಲನ್ನೂ ಬಾಗಿಸಿ ನೇರ ಬೆಸೆಯಿರಿ. ಟ್ರಾನ್ಸ್‌ಫಾರ್ಮರಿನ ನಡು ವಾಯರ್ ಅಲ್ಲಿಗೇ ಬರಲಿ. ಅಲ್ಲಿಂದ ಒಂದೇ ಒಂದು ವಾಯರ್ ಹೊರಟು ಬೇರೊಂದು ಬಿಂದುವಿಗೆ ಹೋಗಲಿ. ರೆಗ್ಯುಲೇಟರಿನ ಗ್ರೌಂಡ್, ಇನ್‌ಪುಟ್ ಗ್ರೌಂಡ್, ಔಟ್‌ಪುಟ್ ಗ್ರೌಂಡ್ ಎಲ್ಲ ಆ ಎರಡನೆಯ ಬಿಂದುವಿನಲ್ಲಿ ಕೂಡಲಿ. ಈ ಎರಡು ಬಿಂದುಗಳನ್ನು ಕೂಡಿಸುವ ವಾಯರಿನಲ್ಲಿ ಗುಟುಕಿನ ಕರೆಂಟ್ ಹರಿಯುವುದಿಲ್ಲ, ಅಲ್ಲಿ ಅದಕ್ಕೆ ಕೆಲಸವೇ ಇಲ್ಲ.

ಇನ್ನು ಸಾಮಾನಿನ ಮಾತು. ಟ್ರಾನ್ಸ್‌ಫಾರ್ಮರ್ ಅದೇ ಇರಲಿ. 25 ವೋಲ್ಟಿನ ಕಂಡೆನ್ಸರ್ ಮಾತ್ರ ಇವತ್ತೇ ಕಿತ್ತುಹಾಕಿ. 15 ಎಂದು ಬರೆದದ್ದು ಪೂರ್ತಿ ಒಂದು ಆಂಪಿಯರ್ ಎಳೆದಾಗ. ನಿಮ್ಮಷ್ಟು ಕಮ್ಮಿ ಎಳೆದರೆ ಅದು ಹದಿನೇಳೂವರೆಗೆ ಏರುತ್ತದೆ, ಕಂಡೆನ್ಸರ್ ಮೇಲೆ 24 ವೋಲ್ಟ್ ನಿಲ್ಲುತ್ತದೆ. ರಾತ್ರಿ ಮಗ್ಗ ನಿಂತು ಲೈನ್ 245 ಆದರೆ 25 ದಾಟಿತು. 1000 ಮೈಕ್ರೋಫ್ಯಾರಡ್ಡೇ ಸಾಕು, ಆದರೆ 35 ವೋಲ್ಟಿನದು ತನ್ನಿ. 50ರದು ಸಿಕ್ಕರೆ ಇನ್ನೂ ಒಳ್ಳೆಯದು.

7815ರ ಬದಲು 7812, 7915ರ ಬದಲು 7912 ಹಾಕಿ. 7815ಕ್ಕೆ ಉಸಿರಾಡಲು ಒಳಗೆ 17 ವೋಲ್ಟಾದರೂ ಬೇಕು. ಮಧ್ಯಾಹ್ನದ 190ಕ್ಕೆ ನಿಮ್ಮಲ್ಲಿ 20ರ ಆಸುಪಾಸು ಉಳಿಯುತ್ತದೆ, ಇನ್ನೊಂದು ಮಗ್ಗ ಹೊಡೆತ ಕೊಟ್ಟು 165ಕ್ಕೆ ಜಾರಿದರೆ ರೆಗ್ಯುಲೇಟರ್ ಕೈಬಿಟ್ಟು ಝೀಂಕಾರ ಸೀದಾ ಒಳಗೆ ಬರುತ್ತದೆ. 12 ವೋಲ್ಟಿನದಾದರೆ 145ರ ತನಕ ಅಲುಗುವುದಿಲ್ಲ. ದನಿಗೆ ನಷ್ಟವಿಲ್ಲ. ಸಿಡಿ ಪ್ಲೇಯರ್ ಹಚ್ಚಿದರೂ ಅದರ ಶಿಖರ 3 ವೋಲ್ಟ್ ಮುಟ್ಟುವುದಿಲ್ಲ, ನಿಮ್ಮ ಐಸಿ 12ರ ಮೇಲೆ ಹತ್ತರ ಹತ್ತಿರ ಆರಾಮಾಗಿ ಹೋಗುತ್ತದೆ.

ಈ ಎರಡು ಅಣ್ಣತಮ್ಮಂದಿರು ನೋಡಲು ಒಂದೇ ಥರ, ಕಾಲು ಮಾತ್ರ ಬೇರೆ. ಅಕ್ಷರ ನಿಮ್ಮ ಕಡೆ ಇಟ್ಟು ಎಡದಿಂದ ಎಣಿಸಿದರೆ 7812ರದು ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7912ರದು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಬೆನ್ನಿನ ತಗಡೂ ಹಾಗೇ: ಮೊದಲನೆಯದರಲ್ಲಿ ಅದು ಗ್ರೌಂಡ್, ಎರಡನೆಯದರಲ್ಲಿ ಮೈನಸ್ ಇನ್‌ಪುಟ್. ಕಲಿಯುವ ದಿನಗಳಲ್ಲಿ ನಾನು ಎರಡನ್ನೂ ಒಂದೇ ಅಲ್ಯೂಮಿನಿಯಂ ಪಟ್ಟಿಗೆ ಬೋಲ್ಟ್ ಹಾಕಿ ಬಿಗಿದು, ಚಂದ ಕಾಣುತ್ತದೆಂದು ಹೆಮ್ಮೆಪಟ್ಟು ಸ್ವಿಚ್ ಹಾಕಿದೆ. ಟ್ರಾನ್ಸ್‌ಫಾರ್ಮರ್ ನರಳಿತು, ವಾರ್ನಿಷ್ ಸುಟ್ಟ ವಾಸನೆ ಮನೆ ತುಂಬಿತು, ಅವ್ವ ಅಡುಗೆಮನೆಯಿಂದ ಓಡಿ ಬಂದಳು. ನಿಮ್ಮಲ್ಲಿ ಒಂದೊಂದರಲ್ಲಿ ಅರ್ಧ ವಾಟ್ ಶಾಖವೂ ಇಲ್ಲ, ಹೀಟ್‌ಸಿಂಕ್ ಬೇಡವೇ ಬೇಡ. ಗಾಳಿಯಲ್ಲಿ ಬಿಡಿ, ತಗಡಿಗೆ ತಾಗದಿರಲಿ.

7912ರ ಔಟ್‌ಪುಟ್ಟಿಗೆ ಕಂಡೆನ್ಸರ್ ಇಲ್ಲದಿದ್ದರೆ ಅದರ ವೋಲ್ಟೇಜ್ ಸ್ಥಿರವಾಗಿ ನಿಲ್ಲದೆ ತನ್ನಷ್ಟಕ್ಕೆ ಕುಣಿಯತೊಡಗುತ್ತದೆ. ಎರಡಕ್ಕೂ ಔಟ್‌ಪುಟ್ಟಿನಲ್ಲಿ 47 ಮೈಕ್ರೋಫ್ಯಾರಡ್ 25 ವೋಲ್ಟಿನದೊಂದು ಕೊಡಿ (ಇಲ್ಲಿ 25 ನಡೆಯುತ್ತದೆ). ಮೈನಸ್ ಕಡೆಯ ಕಂಡೆನ್ಸರಿನ ಪ್ಲಸ್ ಕಾಲು ಗ್ರೌಂಡಿಗೆ ಹೋಗಬೇಕು ಎಂಬುದನ್ನು ಅವಸರದಲ್ಲಿ ಎಲ್ಲರೂ ಮರೆಯುತ್ತಾರೆ. ಐಸಿಯ 8ನೇ ಮತ್ತು 4ನೇ ಕಾಲಿನ ಬುಡದಲ್ಲೇ, ಒಂದು ಸೆಂಟಿಮೀಟರ್ ಒಳಗೆ, 0.1 ಮೈಕ್ರೋಫ್ಯಾರಡಿನದೊಂದೊಂದು ಇರಲಿ. ಡಯೋಡ್ 4007 ಇದ್ದದ್ದೇ ನಡೆಯಲಿ. ಎಲ್‌ಎಂ317, 337 ರೆಗ್ಯುಲೇಟರ್ ಹಾಕಿದರೆ ಚಲೋ ಅಲ್ಲವೇ ಎಂದು ಮುಂದೆ ಯಾರಾದರೂ ಕೇಳುತ್ತಾರೆ. ಚಲೋನೇ, ಆದರೆ ಈ ಬಫರಿನಲ್ಲಿ ಕಿವಿಗೆ ವ್ಯತ್ಯಾಸ ಸಿಗುವುದಿಲ್ಲ. ಅಡಾಪ್ಟರ್ ವಿಚಾರ ಬಿಡಿ: ನಿಮಗೆ ಬೇಕಾದದ್ದು ಪ್ಲಸ್ ಮೈನಸ್ ಎರಡೂ, ಅದು ಕೊಡುವುದು ಒಂದೇ.

ಮಗ್ಗದ ಟಕ್ಕಿಗೆ 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿಯ ಎಕ್ಸ್2 (ನೇರ ಮನೆಯ ಲೈನಿಗೆ ಹಚ್ಚಲೆಂದೇ ಮಾಡಿದ) ಕಂಡೆನ್ಸರನ್ನು ಸ್ವಿಚ್ ಮತ್ತು ಫ್ಯೂಸ್ ಆದ ಮೇಲೆ ಫೇಸ್ ಮತ್ತು ನ್ಯೂಟ್ರಲ್ ನಡುವೆ ಹಚ್ಚಿ. ಮೈಮೇಲೆ ಎಕ್ಸ್2 ಎಂದು ಬರೆದಿರಲೇಬೇಕು, 400 ವೋಲ್ಟಿನ ಸಾದಾ ಕಂಡೆನ್ಸರ್ ಅಲ್ಲಿ ಒಂದು ದಿನ ಬೆಂಕಿಯಾದೀತು. ಟಕ್ ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ, ಕುಗ್ಗುವುದು ಖರೆ. ಫ್ಯೂಸ್ 250 ಮಿಲಿಆಂಪಿಯರಿನದು, ಸ್ಲೋ ಬ್ಲೋ, ಫೇಸ್ ವಾಯರಿನಲ್ಲಿ.

ತಗಡಿನ ಡಬ್ಬಿಗೆ ಅರ್ಥಿಂಗ್ ನೇರ ಕೂಡಿರಬೇಕು. ಗುಂಯ್ ಹೋಗಲೆಂದು ಪ್ಲಗ್ಗಿನ ಮೂರನೇ ಪಿನ್ ಮುರಿಯುವ ವಿದ್ಯೆ ನಮ್ಮ ಕಡೆ ಬಹಳ ನಡೆಯುತ್ತದೆ, ನೀವು ಆ ಕಡೆ ಹೋಗಬೇಡಿ. ವಾಯರಿಂಗ್ ಬದಲಿಸಿದ ಮೇಲೂ ಆಂಪ್ಲಿಫೈಯರ್ ಕೂಡಿಸಿದಾಗ ಮಾತ್ರ ದುಂಡನೆಯ ಹೂಂ ಉಳಿದರೆ, ಆ ಎರಡನೆಯ ಗ್ರೌಂಡ್ ಬಿಂದುವನ್ನು ಡಬ್ಬಿಗೆ ನೇರ ಮುಟ್ಟಿಸುವ ಬದಲು 10 ಓಮ್ ರೆಸಿಸ್ಟರ್ ಮೂಲಕ ಮುಟ್ಟಿಸಿ. ಆ ರೆಸಿಸ್ಟರಿಗೆ ಪ್ಯಾರಲಲ್ ಆಗಿ ಎರಡು ದಪ್ಪ ಡಯೋಡನ್ನು ಹಾಕಿ, ಒಂದರ ದಿಕ್ಕಿಗೆ ಇನ್ನೊಂದು ಉಲ್ಟಾ ಇರಲಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಸುರಿಯುವುದೂ ಇದರಲ್ಲೇ ಬಂತು.

ಮೊದಲ ಸಲ ಸ್ವಿಚ್ ಹಾಕುವಾಗ ಐಸಿ ಸಾಕೆಟ್ಟಿನಿಂದ ಹೊರಗಿರಲಿ, ಲೈನಿನಲ್ಲಿ 60 ವಾಟಿನ ಹಳೇ ಬಲ್ಬು ಸೀರೀಸ್ ಇರಲಿ. ಬಲ್ಬು ಮಿಣಕ್ ಎಂದು ಆರಬೇಕು, ಉರಿಯುತ್ತಲೇ ನಿಂತರೆ ಪ್ಲಗ್ ಕೀಳಿ, ಎಲ್ಲೋ ಉಲ್ಟಾ ಆಗಿದೆ. ಆರಿದರೆ ಮೀಟರಿನ ಕಪ್ಪು ಕಡ್ಡಿ ಗ್ರೌಂಡಿಗಿಟ್ಟು ಸಾಕೆಟ್ಟಿನ 8ನೇ ಕಾಲಿನಲ್ಲಿ ಪ್ಲಸ್ 12, 4ನೇ ಕಾಲಿನಲ್ಲಿ ಮೈನಸ್ 12 ನೋಡಿ. ಎರಡೂ ಸರಿ ಬಂದ ಮೇಲೆ ಆಫ್ ಮಾಡಿ, ಕಂಡೆನ್ಸರ್ ಇಳಿಯಲು ಎರಡು ನಿಮಿಷ ಬಿಟ್ಟು ಐಸಿ ಕೂರಿಸಿ.