'ಗೆಲ್ಲುತ್ತೀರಿ' ಅಂತ ಹೇಳಬೇಡ ತಮ್ಮಾ

ತಮ್ಮಾ,

ನೀನು ಅಕ್ಕ ಅಂತ ಬರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ಹಾಸನದಿಂದ ಅಮೆರಿಕದ ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಬಂದು ಆರು ವಾರ ಆಯಿತು, ಕೆಲಸ ಪರವಾಗಿಲ್ಲ, ಜನ ಮಾತ್ರ ನಗುತ್ತಾರೆ ಆದರೆ ಹತ್ತಿರ ಬರುವುದಿಲ್ಲ ಅಂದಿದ್ದೀಯ. ಈ ಸೋಮವಾರ ಆಫೀಸಿನಲ್ಲಿ ಎಲ್ಲರೂ ಸಿಯಾಟಲ್‌ನ ಬೇಸ್‌ಬಾಲ್ ತಂಡ ಮ್ಯಾರಿನರ್ಸ್ ಬಗ್ಗೆ ಮುಖ ಸಣ್ಣದು ಮಾಡಿಕೊಂಡು ಮಾತಾಡುತ್ತಿದ್ದರಂತೆ. ನೀನು ಧೈರ್ಯ ಮಾಡಿ 'ಯಾಕೆ ಚಿಂತೆ, ಈ ಸಲ ಖಂಡಿತ ನೀವೇ ಗೆಲ್ಲುತ್ತೀರಿ' ಅಂದೆಯಂತೆ. ಎಲ್ಲರೂ ಸುಮ್ಮನಾದರು, ಒಬ್ಬರು ಮರದ ಮೇಜನ್ನು ಎರಡು ಸಲ ಕುಟ್ಟಿದರು. ನಾನೇನು ತಪ್ಪು ಮಾತಾಡಿದೆ, ಈ ಊರು ಯಾವತ್ತಾದರೂ ನಮ್ಮದು ಅನ್ನಿಸುತ್ತದಾ ಅಂತ ಕೇಳಿದ್ದೀಯ.

ತಪ್ಪು ದೊಡ್ಡದೇನಲ್ಲ. ನಮ್ಮಲ್ಲಿ ಮಗು ಚೆನ್ನಾಗಿದೆ ಅಂತ ಎದುರಿಗೇ ಹೇಳಿದರೆ ಅಜ್ಜಿ ದೃಷ್ಟಿ ತೆಗೆಯುತ್ತಾರಲ್ಲ, ಮೇಜು ಕುಟ್ಟಿದ್ದೂ ಹಾಗೇ. ಈ ಊರಿನವರು ತಮ್ಮ ತಂಡದ ವಿಷಯದಲ್ಲಿ ಅಷ್ಟು ಹೆದರಿದ್ದಾರೆ. ಯಾಕೆ ಅಂತ ಗೊತ್ತಾದರೆ ನಿನ್ನ ಎರಡನೇ ಪ್ರಶ್ನೆಗೂ ಸ್ವಲ್ಪ ಉತ್ತರ ಸಿಗಬಹುದು.

ಮ್ಯಾರಿನರ್ಸ್ ಶುರುವಾದದ್ದು 1977ರಲ್ಲಿ. ಇಲ್ಲಿ ಕಪ್ ಅಂದರೆ ವರ್ಲ್ಡ್ ಸೀರೀಸ್. ಒಟ್ಟು 30 ತಂಡಗಳಿವೆ. ಅವುಗಳಲ್ಲಿ ವರ್ಲ್ಡ್ ಸೀರೀಸ್ ಗೆಲ್ಲುವುದಿರಲಿ, ಅದರಲ್ಲಿ ಆಡುವ ಭಾಗ್ಯವೂ ಸಿಗದ ಒಂದೇ ಒಂದು ತಂಡ ನಮ್ಮದು. 2001ರಲ್ಲಿ 162 ಪಂದ್ಯಗಳಲ್ಲಿ 116 ಗೆದ್ದರು. ಅದಕ್ಕಿಂತ ಜಾಸ್ತಿ ಯಾವ ತಂಡವೂ ಒಂದು ವರ್ಷದಲ್ಲಿ ಗೆದ್ದಿಲ್ಲ. ಅಂಥ ತಂಡವೇ ಪ್ಲೇಆಫ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್ ಎದುರು ಏಳು ಪಂದ್ಯಗಳ ಸುತ್ತಿನ ಮೊದಲ ಐದರಲ್ಲೇ ನಾಲ್ಕು ಸೋತು ಮನೆಗೆ ಬಂತು. ನಾನು ಇಲ್ಲಿಗೆ ಬಂದದ್ದು ಮರುವರ್ಷ, 2002ರಲ್ಲಿ. 'ಈ ವರ್ಷ ಆಗುತ್ತೆ ಬಿಡು' ಅನ್ನುತ್ತಿದ್ದರು. ಆಮೇಲೆ 2022ರವರೆಗೆ ಪ್ಲೇಆಫ್‌ನ ಮುಖವನ್ನೇ ನೋಡಲಿಲ್ಲ. ನನ್ನ ಮಗಳು ಇಲ್ಲೇ ಹುಟ್ಟಿ, ಹೈಸ್ಕೂಲು ಮುಗಿಸುವ ಹೊತ್ತಿಗೆ ಬಂದಿದ್ದಳು.

ಆ ವರ್ಷಗಳಲ್ಲಿ ನನಗೆ ಆಟ ಕಲಿಸಿದ್ದು ರೇಡಿಯೋ. ಮೊದಲ ಬೇಸಿಗೆಯಲ್ಲಿ ನನಗೆ ಇಲ್ಲಿ ಯಾರೂ ಇರಲಿಲ್ಲ. ಕೆಲಸ ಮುಗಿಸಿ ಕಾರಿನಲ್ಲಿ ಕೂತರೆ ಡೇವ್ ನೀಹಾಸ್ ಅವರ ಧ್ವನಿ. ತಂಡದ ಮೊದಲ ದಿನದಿಂದ ಕಾಮೆಂಟರಿ ಹೇಳುತ್ತಿದ್ದವರು ಅವರು. ಚಿಕ್ಕವಳಿದ್ದಾಗ ಅಪ್ಪ ಟ್ರಾನ್ಸಿಸ್ಟರ್ ಕಿವಿಗೆ ಹಿಡಿದು ಜಗುಲಿಯಲ್ಲಿ ಕೂರುತ್ತಿದ್ದರು, ನಾನು ಪಕ್ಕದಲ್ಲಿ ಕೂತು ಅವರ ಮುಖ ನೋಡಿಯೇ ವಿಕೆಟ್ ಬಿತ್ತೋ ಇಲ್ಲವೋ ಹೇಳುತ್ತಿದ್ದೆ. ನೀಹಾಸ್ ಧ್ವನಿ ಕೇಳಿದರೆ ಆ ಜಗುಲಿ ನೆನಪಾಗುತ್ತಿತ್ತು. ಅರ್ಥವಾಗದಿದ್ದರೂ ಕೇಳುತ್ತಿದ್ದೆ. ಕೇಳ್ತಾ ಕೇಳ್ತಾ ಅರ್ಥವಾಯಿತು. 2010ರ ನವೆಂಬರ್‌ನಲ್ಲಿ ಅವರು ತೀರಿಹೋದರು. ಮೂವತ್ತಕ್ಕೂ ಹೆಚ್ಚು ವರ್ಷ ಆ ತಂಡದ ಪ್ರತಿ ಸೋಲನ್ನೂ ನಮಗೆ ಹೇಳಿದವರು, ಒಂದು ವರ್ಲ್ಡ್ ಸೀರೀಸ್ ಪಂದ್ಯವನ್ನೂ ಹೇಳಲಾಗದೆ ಹೋದರು. ಅಂದು ಕಾರಿನಲ್ಲಿ ನಾನು ಅತ್ತೆ. ಮನೆಯವರನ್ನು ಬಿಟ್ಟು ಈ ಊರಿನ ಯಾರಿಗಾಗಿಯಾದರೂ ನಾನು ಅತ್ತದ್ದು ಅದೇ ಮೊದಲು.

2022ರ ಅಕ್ಟೋಬರ್ 15. 21 ವರ್ಷಗಳ ನಂತರ ನಮ್ಮ ಮೈದಾನದಲ್ಲಿ ಪ್ಲೇಆಫ್ ಪಂದ್ಯ. ಮಗಳನ್ನು ಕರೆದುಕೊಂಡು ಹೋಗಿದ್ದೆ. ಹೂಸ್ಟನ್ ಎದುರಾಳಿ, ಎರಡು ಪಂದ್ಯ ಆಗಲೇ ಸೋತಿದ್ದೆವು. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸ್, ಸಮ ಆದರೆ ಗೆಲುವು ಸಿಗುವವರೆಗೂ ಆಡುತ್ತಲೇ ಇರಬೇಕು. ಅಂದು 17 ಇನ್ನಿಂಗ್ಸ್ ಮುಗಿದರೂ ಎರಡೂ ಕಡೆ ಸೊನ್ನೆ. ಮಧ್ಯಾಹ್ನ ಶುರುವಾದದ್ದು ಕತ್ತಲಾದರೂ ಮುಗಿಯಲಿಲ್ಲ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ಯಾರೋ ಏನೋ, ನನ್ನ ಕೈ ಹಿಡಿದುಕೊಂಡೇ ಇದ್ದರು. 18ನೇ ಇನ್ನಿಂಗ್ಸ್‌ನಲ್ಲಿ ಹೂಸ್ಟನ್‌ನ ಜೆರೆಮಿ ಪೆನ್ಯಾ ಒಂದು ಹೋಮ್ ರನ್, ಅಂದರೆ ನಮ್ಮ ಸಿಕ್ಸರ್ ಇದ್ದ ಹಾಗೆ, ಹೊಡೆದ. 1–0. ಆರು ಗಂಟೆ ದಾಟಿದ ಆಟ ಮುಗಿಯಿತು. ಆ ಅಜ್ಜಿ ನನ್ನ ಕೈ ತಟ್ಟಿ, ಚೀಲ ಎತ್ತಿಕೊಂಡು ಹೋದರು. 2023ರಲ್ಲಿ ಒಂದು ಗೆಲುವಿನಿಂದ ಪ್ಲೇಆಫ್ ತಪ್ಪಿತು. 2024ರಲ್ಲೂ ಒಂದೇ ಗೆಲುವಿನಿಂದ.

ಈಗ ಈ ವರ್ಷಕ್ಕೆ, 2025ಕ್ಕೆ ಬರೋಣ. ನೀನು ಕೇಳಿದ್ದು ಸರಿ, ಎಲ್ಲ ಚೆನ್ನಾಗಿಯೇ ಇದೆ. ಸೆಪ್ಟೆಂಬರ್‌ನಲ್ಲಿ 18 ಪಂದ್ಯಗಳಲ್ಲಿ 17 ಗೆದ್ದರು. 2001ರ ನಂತರ ಮೊದಲ ಸಲ ತಮ್ಮ ವಿಭಾಗದಲ್ಲಿ ಮೊದಲ ಸ್ಥಾನ. ಮೊದಲ ಸುತ್ತು ಆಡುವಂತೆಯೂ ಇಲ್ಲ, ನೇರ ಎರಡನೇ ಸುತ್ತು. ಕ್ಯಾಲ್ ರಾಲಿ 60 ಹೋಮ್ ರನ್ ಹೊಡೆದಿದ್ದಾರೆ. ಇಡೀ ಲೀಗಿನ ಚರಿತ್ರೆಯಲ್ಲಿ ಒಂದೇ ವರ್ಷದಲ್ಲಿ ಅಷ್ಟು ಹೊಡೆದವರು ಏಳೇ ಜನ. ಅದೂ ಇವರು ಕ್ಯಾಚರ್, ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ದಿನವೂ ಮೊಣಕಾಲು ಮಡಚಿ ಕೂತು ಕೂತು ಏಳುವ ಕೆಲಸ. ನೋಡಿದರೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಾಗಾದರೆ ಚಿಂತೆ ಏನು? ಮೊದಲನೆಯದು ಬ್ರಯಾನ್ ವೂ. ನಮ್ಮ ಅತ್ಯುತ್ತಮ ಪಿಚ್ಚರ್, ಅಂದರೆ ಬೌಲರ್ ಇದ್ದ ಹಾಗೆ. ಸೆಪ್ಟೆಂಬರ್ 19ರಂದು ಹೂಸ್ಟನ್‌ನಲ್ಲಿ ಎದೆಯ ಸ್ನಾಯು ಹಿಡಿದುಕೊಂಡು ಆಟದ ನಡುವೆ ಹೊರಗೆ ಹೋದರು. ಶನಿವಾರದ ಹೊತ್ತಿಗೆ ಸರಿಯಾಗುತ್ತಾರಾ ಅನ್ನುವುದೇ ಎಲ್ಲರ ಬಾಯಲ್ಲಿರುವ ಮಾತು. ಇದು ಯಾಕೆ ಇಷ್ಟು ದೊಡ್ಡದು ಅಂದರೆ, ಆರು ತಿಂಗಳ ಲೀಗಿನಲ್ಲಿ ಐದು ಜನ ಪಿಚ್ಚರ್‌ಗಳು ಸರದಿಯಲ್ಲಿ ಎಸೆಯುತ್ತಾರೆ, ಒಬ್ಬರು ಇಲ್ಲದಿದ್ದರೂ ಬಂಡಿ ಓಡುತ್ತದೆ. ಮುಂದಿನ ಸುತ್ತು ಐದೇ ಪಂದ್ಯದ್ದು, ಮೂರು ಗೆದ್ದವರು ಮುಂದೆ. ಅಲ್ಲಿ ಒಬ್ಬ ಒಳ್ಳೆಯ ಪಿಚ್ಚರ್ ಇಲ್ಲ ಅಂದರೆ ಒಂದು ಪಂದ್ಯವೇ ಕೈಬಿಟ್ಟ ಹಾಗೆ. 116 ಗೆದ್ದ ತಂಡವೂ ಸೋತದ್ದು ಇಂಥ ಚಿಕ್ಕ ಸುತ್ತಿನಲ್ಲೇ. ಲೀಗಿನಲ್ಲಿ ಮೂರ್ನಾಲ್ಕು ಸೋತರೆ ಯಾರಿಗೂ ನೆನಪಿರುವುದಿಲ್ಲ, ಅಕ್ಟೋಬರ್‌ನಲ್ಲಿ ಮೂರ್ನಾಲ್ಕು ಸೋತರೆ ವರ್ಷವೇ ಮುಗಿಯಿತು. ಅದರ ಮೇಲೆ ಕಳೆದ ವಾರಾಂತ್ಯ ಲಾಸ್ ಏಂಜಲೀಸ್‌ನ ಡಾಜರ್ಸ್ ತಂಡದವರು ನಮ್ಮ ಮೈದಾನಕ್ಕೇ ಬಂದು ಮೂರಕ್ಕೆ ಮೂರೂ ಗೆದ್ದುಹೋದರು. ಜಾಗ ಆಗಲೇ ಖಚಿತವಾಗಿತ್ತು, ನಷ್ಟವೇನೂ ಇರಲಿಲ್ಲ. ಆದರೂ ಹೊಟ್ಟೆಯಲ್ಲಿ ಕಸಿವಿಸಿ. ಎದುರಾಳಿ ಡೆಟ್ರಾಯ್ಟೋ ಕ್ಲೀವ್‌ಲ್ಯಾಂಡೋ ಅನ್ನುವುದೂ ಇನ್ನೂ ತೀರ್ಮಾನವಾಗಿಲ್ಲ.

ನಿನಗೆ ಇದು ಗೊತ್ತಿಲ್ಲದ ನೋವಲ್ಲ. ನಮ್ಮ ಆರ್‌ಸಿಬಿಯ 2016 ನೆನಪಿದೆ ಅಲ್ವಾ? ಕೊಹ್ಲಿ 973 ರನ್ ಹೊಡೆದ ವರ್ಷ. ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ. ಎಂಟು ರನ್ನಿನಿಂದ ಸೋತೆವು. ಒಬ್ಬ ಆಟಗಾರ ಮತ್ತೆಂದೂ ಕಾಣದಂಥ ವರ್ಷ ಆಡಿದಾಗ, ಅದು ಕಪ್ ಇಲ್ಲದೆ ಹಾಗೇ ಹೋಗಿಬಿಡುತ್ತದೋ ಅನ್ನುವ ಭಯ ಇರುತ್ತದಲ್ಲ, ಈಗ ರಾಲಿ ವಿಷಯದಲ್ಲಿ ಈ ಊರಿಗೆ ಇರುವುದು ಅದೇ ಭಯ.

ಈ ಜೂನ್ 3ರದ್ದು ಹೇಳಬೇಕು. ಅಹಮದಾಬಾದ್‌ನಲ್ಲಿ ರಾತ್ರಿ, ನಮಗೆ ಇಲ್ಲಿ ಮಂಗಳವಾರ ಬೆಳಗ್ಗೆ. ಆಫೀಸಿನ ಮೂಲೆಯಲ್ಲಿ ಫೋನ್ ಇಟ್ಟುಕೊಂಡು ಕೂತಿದ್ದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರು, ಇದೇ ಊರಿನವರು, ಅಪ್ಪನ ಕಾಲದಿಂದ ಮ್ಯಾರಿನರ್ಸ್ ಅಭಿಮಾನಿ, ನನ್ನ ಮುಖ ನೋಡಿ ಏನಾಯಿತು ಅಂತ ಕೇಳಿದರು. 18 ವರ್ಷದಿಂದ ಕಾಯುತ್ತಿದ್ದೇವೆ, ಕೊನೆಯ ಓವರ್ ಅಂದೆ. ಅವರು ಕ್ರಿಕೆಟ್ ಏನೂ ಗೊತ್ತಿಲ್ಲದವರು. ಮೀಟಿಂಗ್ ಬಿಟ್ಟು ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಗೆಲ್ಲುತ್ತೀರಿ ಅಂತ ಹೇಳಲಿಲ್ಲ. ಎಷ್ಟು ಬಾಲ್ ಉಳಿದಿದೆ ಅಂತ ಮಾತ್ರ ಕೇಳುತ್ತಿದ್ದರು. ಆರು ರನ್ನಿನಿಂದ ಗೆದ್ದಾಗ, ಕೊಹ್ಲಿ ನೆಲಕ್ಕೆ ಕುಸಿದು ಅಳುತ್ತಿದ್ದಾಗ, ಇವರ ಕಣ್ಣೂ ತುಂಬಿತ್ತು. ಮರುದಿನ ಬೆಂಗಳೂರಿನ ಕಾಲ್ತುಳಿತದಲ್ಲಿ 11 ಜನ ಹೋದ ಸುದ್ದಿ ಬಂದಾಗ ನನ್ನ ಮೇಜಿಗೆ ಬಂದು ಮೊದಲು ವಿಚಾರಿಸಿದವರೂ ಅವರೇ.

ಅವರ ಜೊತೆ ನಾನು ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ ತಮ್ಮಾ. ಹತ್ತಿರವಾದದ್ದು ಆ ಬೆಳಗ್ಗೆ. ಈಗ ದಿನವೂ ಮಧ್ಯಾಹ್ನ ನಾನು ಅವರ ಮೇಜಿಗೆ ಹೋಗಿ ವೂ ಎದೆ ಹೇಗಿದೆಯಂತೆ ಅಂತ ಕೇಳುತ್ತೇನೆ. ಹತ್ತು ನಿಮಿಷ ಮಾತಾಡುತ್ತಾರೆ.

ನೀನೂ ನಾಳೆ ಹಾಗೇ ಮಾಡು. ಮೇಜು ಕುಟ್ಟಿದರಲ್ಲ, ಅವರ ಹತ್ತಿರವೇ ಹೋಗು. ಗೆಲ್ಲುವ ಮಾತು ಬೇಡ. 1995ರಲ್ಲಿ ಎಲ್ಲಿದ್ದಿರಿ ಅಂತ ಕೇಳು. ಆ ವರ್ಷ ಆಗಸ್ಟ್‌ನಲ್ಲಿ 13 ಪಂದ್ಯ ಹಿಂದೆ ಇದ್ದ ತಂಡ ಮೇಲೆದ್ದು ಬಂದು, ಎಡ್ಗರ್ ಮಾರ್ಟಿನೆಜ್ ಹೊಡೆದ ಒಂದೇ ಹೊಡೆತದಲ್ಲಿ ಯಾಂಕೀಸನ್ನು ಹೊರಗೆ ಕಳಿಸಿತ್ತು. ಆಗ ಕ್ಯಾಚರ್ ಆಗಿದ್ದ ಡ್ಯಾನ್ ವಿಲ್ಸನ್ ಅವರೇ ಇವತ್ತಿನ ಮ್ಯಾನೇಜರ್. ಈ ಊರಿನಲ್ಲಿ ಬೆಳೆದವರಾದರೆ ಆ ರಾತ್ರಿ ಯಾರ ಮನೆಯಲ್ಲಿ ಯಾರ ಪಕ್ಕ ಕೂತಿದ್ದೆವು ಅಂತ ಹೇಳುತ್ತಾರೆ. ಅವರು ಹೇಳುವಾಗ ಆಟದ ನಿಯಮ ಗೊತ್ತಿಲ್ಲ ಅಂತ ಸಂಕೋಚಪಡಬೇಡ. ಕೇಳಿಸಿಕೋ.

ಊರು ನಮ್ಮದು ಅನ್ನಿಸುತ್ತದಾ ಅಂದರೆ, ನನಗೆ ಅನ್ನಿಸುತ್ತದೆ. ಹಾಸನದ ಹಾಗೆ ಅಲ್ಲ, ಆದರೆ ಈ ಊರಿನವರು ನಿದ್ದೆಗೆಟ್ಟಾಗ ನನಗೂ ನಿದ್ದೆ ಬರುವುದಿಲ್ಲ.

ಶನಿವಾರ ಸಂಜೆ ಮೊದಲ ಪಂದ್ಯ. ಟಿಕೆಟ್‌ಗೆ ದುಡ್ಡು ಸುರಿಯಬೇಡ, ನಮ್ಮ ಮನೆಗೆ ಬಾ. ಬೆಲ್‌ವ್ಯೂ ಡೌನ್‌ಟೌನ್‌ನಲ್ಲಿ ರೈಲು ಹತ್ತಿದರೆ ಡೌನ್‌ಟೌನ್ ರೆಡ್ಮಂಡ್ ಕೊನೆಯ ಸ್ಟೇಷನ್. ಅಲ್ಲಿಗೆ ಬಂದು ಫೋನ್ ಮಾಡು, ಮಗಳು ಬಂದು ಕರೆದುಕೊಂಡು ಬರುತ್ತಾಳೆ. ನನ್ನ ಜೊತೆ ಕೆಲಸ ಮಾಡುವವರೂ ಬರುತ್ತಾರೆ. ಚಿತ್ರಾನ್ನ ಮಾಡಿರುತ್ತೇನೆ, ಅವರಿಗೆ ಖಾರ ಕಡಿಮೆ, ನಿನಗೆ ಹಸಿಮೆಣಸು ಬೇರೆ ಇಡುತ್ತೇನೆ.

ಅಕ್ಕ