ಕತೆ ಓದಿದ ಮೇಲೆ ಯಾರೂ ಮಾತಾಡುವುದಿಲ್ಲ: ಪ್ರತಿಕ್ರಿಯೆ

ನಿಮ್ಮ ಬರಹಗಾರರ ಬಳಗದಲ್ಲಿ ಒಬ್ಬರು ತಮ್ಮ ಕತೆ ಓದಿದ ಮೇಲೆ ಚರ್ಚೆಯೇ ಆಗುವುದಿಲ್ಲ, ಏನು ಮಾಡುವುದು ಅಂತ ಕೇಳಿದ್ದೀರಿ. ಧಾರವಾಡದ ನಿಮ್ಮ ಬಳಗದಲ್ಲಿ ಕತೆ ಕೇಳಿದವರೆಲ್ಲ ‘ಚಲೋ ಐತಿ’ ಅಂದು ಸುಮ್ಮನಾಗುವುದಕ್ಕೆ ಕಾರಣ, ಬಹುಶಃ, ಒಂದೇ ಸಲ ಕಿವಿಯಲ್ಲಿ ಕೇಳಿದ್ದು ನೆನಪಲ್ಲಿ ನಿಲ್ಲದಿರುವುದು. 1500 ಪದದ ಕತೆ ಓದಲು ಕಾಲು ಗಂಟೆಯಾದರೂ ಬೇಕು, ಅಷ್ಟರಲ್ಲಿ ಮೊದಲ ಪುಟ ಮರೆತಿರುತ್ತದೆ ಅಲ್ವಾ? ಮೊದಲು, ಕತೆಯನ್ನು ನಾಲ್ಕು ದಿನ ಮುಂಚೆಯೇ ವಾಟ್ಸಾಪ್‌ನಲ್ಲಿ ಕಳಿಸಿ, ಸಭೆಗೆ ಝೆರಾಕ್ಸ್ ತನ್ನಿ. ಒಂದು ಸಭೆಗೆ ಎರಡೇ ಕತೆ ಸಾಕು. ಬರೆದವರು ಒಂದು ಪುಟ ಓದಿ, ಆಮೇಲೆ ಎಲ್ಲರ ಮಾತು ಮುಗಿಯುವ ತನಕ ಮಾತಾಡದೆ ಗುರುತು ಹಾಕಿಕೊಳ್ಳಲಿ. ಇದನ್ನು ಮಾತ್ರ ಬಿಡಬೇಡಿ, ಅವರು ನಡುವೆ ವಿವರಣೆ ಶುರು ಮಾಡಿದರೆ ಉಳಿದವರು ಬಾಯಿ ಬಿಡುವುದಿಲ್ಲ. ‘ಯಾವ ಸಾಲಿನಲ್ಲಿ ತಡವರಿಸಿದಿರಿ?’ ಅಂತ ಒಬ್ಬೊಬ್ಬರನ್ನೇ ಕೇಳಿ. ಹಿರಿಯರು ಕೊನೆಗೆ ಮಾತಾಡಲಿ. ಕವಿತೆಗೆ ಇಷ್ಟೆಲ್ಲ ಬೇಕಾಗಲಿಕ್ಕಿಲ್ಲ, ಎರಡು ಸಲ ಜೋರಾಗಿ ಓದಿಸಿ ನೋಡಿ.